ಮಳೆಗಾಲದಲ್ಲಿ ಬಿಳಿಚಿಕೊಂಡ ಆತ್ತಂಗುಡಿ ನೆಲ

ಫೋನ್ ಬಂದಿದ್ದು ಆಗಸ್ಟ್ ಮೊದಲ ವಾರ. "ಮೇಡಂ, ನಿಮ್ಮ ನೆಲಕ್ಕೆ ಬೂಷ್ಟು ಬಂದಿದೆ, ಒಂದ್ಸಲ ಬಂದು ನೋಡಿ" ಅಂದರು ಹೋಟೆಲಿನ ಮ್ಯಾನೇಜರ್. ಜೂನ್‌ನಲ್ಲಿ ಓಪನಿಂಗ್ ದಿನ ಇದೇ ಮನುಷ್ಯ ಬಂದವರನ್ನೆಲ್ಲ ನಿಲ್ಲಿಸಿ "ನಮ್ಮ ನೆಲ ನೋಡಿದ್ರಾ" ಅಂತ ತೋರಿಸುತ್ತಿದ್ದರು. ಆ ಹೋಟೆಲಿನ ಡಿಸೈನ್ ಮಾಡಿದವಳು ನಾನು. ಎರಡೇ ತಿಂಗಳಲ್ಲಿ ಅದು ನನ್ನ ನೆಲ ಆಗಿತ್ತು.

ಈ ಕೇಸನ್ನು ಪೂರ್ತಿ ಬರೆದಿಡಬೇಕು ಅಂತ ತುಂಬಾ ದಿನದಿಂದ ಅಂದುಕೊಂಡಿದ್ದೆ. ಈಗ ಬೊಟೀಕ್ ಹೋಟೆಲ್ ಅಂದರೆ ಸಾಕು, ತಮಿಳುನಾಡಿನ ಚೆಟ್ಟಿನಾಡು ಸೀಮೆಯಲ್ಲಿ ಕೈಯಲ್ಲೇ ಮಾಡುವ ಆತ್ತಂಗುಡಿ ಟೈಲ್ಸ್, ಚೆಟ್ಟಿನಾಡು ಕಂಬ, ಸುಣ್ಣದ ಗಾರೆ ಗೋಡೆ, ಚನ್ನಪಟ್ಟಣದ ಬಣ್ಣದ ಹಿಡಿಗಳು, ಇವಿಷ್ಟು ಇರಲೇಬೇಕು. ಕ್ಲೈಂಟ್‌ಗಳು ಫೋನ್ ತುಂಬಾ ಫೋಟೋ ಸೇವ್ ಮಾಡಿಕೊಂಡೇ ಬರುತ್ತಾರೆ. ಫೋಟೋದಲ್ಲಿ ನೆಲದ ಅಡಿಗೆ ಏನಿದೆ ಅಂತ ಕಾಣಲ್ಲ. ದಿನಾ ಬೆಳಿಗ್ಗೆ ಅದನ್ನು ಯಾರು ಒರೆಸುತ್ತಾರೆ, ಏನು ಹಾಕಿ ಒರೆಸುತ್ತಾರೆ ಅನ್ನೋದೂ ಕಾಣಲ್ಲ. ಹೋಟೆಲಿನ ಹೆಸರು, ಕೆಲಸ ಮಾಡಿದವರ ಹೆಸರು ಇಲ್ಲಿ ಬೇಡ. ತಪ್ಪಿನಲ್ಲಿ ನನ್ನ ಪಾಲೇ ಜಾಸ್ತಿ ಇದೆ, ಅದನ್ನು ಮಾತ್ರ ಮುಚ್ಚಿಡದೆ ಹೇಳುತ್ತೇನೆ.

ಜಾಗ ಸಕಲೇಶಪುರದ ಕಡೆ. ಹಳೇ ಕಾಫಿ ಎಸ್ಟೇಟ್ ಬಂಗಲೆ. ಕೆಳಗೆ ಉದ್ದದ ಜಗಲಿ, ದೊಡ್ಡ ಹಾಲ್, ಊಟದ ಮನೆ, ಎರಡು ರೂಮು, ಒಂದು ಆಫೀಸು. ಮೇಲೆ ಇತ್ತೀಚೆಗೆ ಸ್ಲ್ಯಾಬ್ ಹಾಕಿ ಕಟ್ಟಿದ ಏಳು ರೂಮು. ಯಜಮಾನರಿಗೆ ಒಟ್ಟು ಒಂಬತ್ತು ರೂಮಿನ ಹೋಟೆಲ್ ಬೇಕಿತ್ತು, ಚಿಕ್ಕದು ಆದರೆ ದುಬಾರಿ. "ನೋಡಮ್ಮಾ, ಬಂದವರು ಒಳಗೆ ಕಾಲಿಟ್ಟ ತಕ್ಷಣ ಚಪ್ಪಲಿ ಬಿಡಬೇಕು ಅನ್ನಿಸಬೇಕು" ಅಂದಿದ್ದರು. ಅಷ್ಟು ಸ್ಪಷ್ಟವಾಗಿ ಏನು ಬೇಕು ಅಂತ ಹೇಳುವ ಕ್ಲೈಂಟ್ ಸಿಗೋದು ಅಪರೂಪ. ನನಗೆ ಥಟ್ ಅಂತ ನೆನಪಾಗಿದ್ದು ಚೆಟ್ಟಿನಾಡು.

ಅದಕ್ಕೂ ಕೆಲವು ವರ್ಷ ಮೊದಲು ಅಲ್ಲಿನ ಕಾರೈಕುಡಿ ಊರಿನ ಸುತ್ತಮುತ್ತ ಒಂದು ವಾರ ಓಡಾಡಿದ್ದೆ. ನಾಟ್ಟುಕೋಟ್ಟೈ ಚೆಟ್ಟಿಯಾರರು ಬರ್ಮಾ, ಸಿಲೋನ್, ಮಲಯಾದಲ್ಲಿ ಲೇವಾದೇವಿ, ವ್ಯಾಪಾರ ಮಾಡಿ ದುಡಿದ ದುಡ್ಡನ್ನೆಲ್ಲ ಊರಿಗೆ ತಂದು ಮನೆ ಕಟ್ಟಿಸಿದವರು. ಬರ್ಮಾ ತೇಗ, ಇಟಲಿಯ ಅಮೃತಶಿಲೆ, ಬೆಲ್ಜಿಯಂ ಗಾಜು, ಎಲ್ಲವೂ ಹಡಗಿನಲ್ಲಿ ಬಂದಿದ್ದು. ಎರಡನೇ ಮಹಾಯುದ್ಧದ ಹೊತ್ತಿಗೆ ಬರ್ಮಾದ ವ್ಯಾಪಾರ ಕುಸಿಯಿತು, ಮನೆಗಳಿಗೆ ಬೀಗ ಬಿತ್ತು. ಒಂದೊಂದು ಮನೆಗೂ ಹತ್ತಾರು ವಾರಸುದಾರರು, ರಿಪೇರಿಗೆ ಯಾರೂ ಕೈ ಹಾಕಲ್ಲ. ಹಾಗಾಗಿ ಕೆಲವು ಮನೆ ಒಡೆದು ಕಂಬ, ಬಾಗಿಲು, ತೊಲೆ ಕಾರೈಕುಡಿಯ ಹಳೇ ಸಾಮಾನಿನ ಅಂಗಡಿ ಸೇರಿದವು, ಕೆಲವು ಹೋಟೆಲ್ ಆದವು. ಕಾನಾಡುಕಾತ್ತಾನ್‌ನ ವಿಶಾಲಂ ಹಾಗೆ ಹೋಟೆಲ್ ಆಗಿದ್ದು. 1939ರಲ್ಲಿ ಒಬ್ಬ ತಂದೆ ಮಗಳಿಗೋಸ್ಕರ ಕಟ್ಟಿಸಿದ ಮನೆ ಅದು. ಕೋತ್ತಮಂಗಲಂನ ಶಾರದಾ ವಿಲಾಸ 1910ರದ್ದು. ಚೆಟ್ಟಿನಾಡಿನ ಈ ಊರುಗಳು 2014ರಿಂದ ಯುನೆಸ್ಕೋ ವಿಶ್ವ ಪರಂಪರೆಯ ತಾತ್ಕಾಲಿಕ ಪಟ್ಟಿಯಲ್ಲೂ ಇವೆ.

ಆದರೆ ನನ್ನನ್ನು ಹಿಡಿದು ನಿಲ್ಲಿಸಿದ್ದು ತೇಗವೂ ಅಲ್ಲ, ಗಾಜೂ ಅಲ್ಲ. ಒಂದು ಮನೆಯ ಒಳಅಂಗಳದ ಪಕ್ಕದಲ್ಲಿ ನೆಲದ ಮೇಲೆ ಕೂತಿದ್ದೆ. ಮಧ್ಯಾಹ್ನ. ನೆಲದಲ್ಲಿ ಎದುರಿನ ಕಿಟಕಿಯ ಸರಳುಗಳು ಒಂದೊಂದಾಗಿ ಎಣಿಸುವಷ್ಟು ಕಾಣುತ್ತಿದ್ದವು. ಪಾಲಿಶ್ ಮಷೀನ್ ಮುಟ್ಟಿದ ನೆಲ ಅಲ್ಲ ಅದು. ಸಿಮೆಂಟು ಅಷ್ಟೇ.

ಆ ಸಿಮೆಂಟಿಗೆ ಆ ಹೊಳಪು ಎಲ್ಲಿಂದ ಬರುತ್ತೆ ಅಂತ ಮರುದಿನ ಆತ್ತಂಗುಡಿಯಲ್ಲಿ ನೋಡಿದೆ. ಒಂದು ಶೆಡ್ಡು, ಮರಳು ಗುಡ್ಡೆ, ನೀರಿನ ತೊಟ್ಟಿ, ಬಣ್ಣ ಕಲಸಿದ ಡಬ್ಬಗಳು. ಕೆಲಸದವರು ಒಂದು ಗಾಜಿನ ತುಂಡನ್ನು ಒರೆಸಿ ಇಡುತ್ತಾರೆ, ಕಿಟಕಿಗೆ ಹಾಕುವ ಗಾಜಿನಂಥದ್ದೇ. ಅದರ ಸುತ್ತ ಕಬ್ಬಿಣದ ಚೌಕಟ್ಟು. ಒಳಗೆ ಹೂವಿನ ಆಕಾರದ ತಗಡಿನ ಅಚ್ಚು. ಅಚ್ಚಿನ ಒಂದೊಂದು ಮನೆಗೂ ಒಂದೊಂದು ಬಣ್ಣ, ಸಿಮೆಂಟು, ಮರಳು, ಆಕ್ಸೈಡ್ ಪುಡಿ ಕಲಸಿದ ದೋಸೆ ಹಿಟ್ಟಿನ ಹದದ್ದು, ಸಣ್ಣ ಸೌಟಿನಿಂದ ಬಿಡುತ್ತಾರೆ. ಮೇಲಿಂದ ನೋಡಿದರೆ ಏನೂ ಚೆಂದ ಕಾಣಲ್ಲ, ಮಕ್ಕಳು ಬಣ್ಣ ಚೆಲ್ಲಿದ ಹಾಗೆ. ಅಚ್ಚು ಎತ್ತುವಾಗ ಮಾತ್ರ ಕೈ ಅಲುಗಬಾರದು. ನೇರ ಮೇಲಕ್ಕೆ. ಬಣ್ಣಗಳು ಒಂದಕ್ಕೊಂದು ತಾಗುತ್ತವೆ, ಕಲೆಯುವುದಿಲ್ಲ. ಅದರ ಮೇಲೆ ಒಣ ಸಿಮೆಂಟು, ಮರಳಿನ ಪುಡಿ ಉದುರಿಸುತ್ತಾರೆ, ಹೆಚ್ಚಿನ ನೀರನ್ನು ಅದು ಹೀರಿಕೊಳ್ಳುತ್ತೆ. ಆಮೇಲೆ ಗಾರೆ ತುಂಬಿ ಕರಣೆಯಲ್ಲಿ ಮಟ್ಟ ಮಾಡಿ ಪಕ್ಕಕ್ಕಿಡುತ್ತಾರೆ. ಒಂದು ದಿನ ಆರಿದ ಮೇಲೆ ಗಾಜಿನ ಸಮೇತ ನೀರಿನ ತೊಟ್ಟಿಗೆ. ಕೆಲವು ದಿನ ನೆನೆದು, ಮತ್ತೆ ಒಣಗಿದ ಮೇಲೆ ಗಾಜು ಬಿಡುತ್ತೆ. ತಿರುಗಿಸಿದರೆ ಹೂವು. ಗಾಜಿನ ನುಣುಪನ್ನು ಸಿಮೆಂಟು ಹಾಗೇ ಕಾಪಿ ಹೊಡೆದಿರುತ್ತೆ, ಅಷ್ಟೇ ಗುಟ್ಟು.

ಇಲ್ಲಿ ಎರಡು ವಿಷಯ ಗಮನಿಸಿ, ಮುಂದೆ ಬೇಕಾಗುತ್ತೆ. ಒಂದು, ಇದನ್ನು ಯಾರೂ ಬೆಂಕಿಯಲ್ಲಿ ಸುಟ್ಟಿಲ್ಲ, ಮೇಲೆ ಗ್ಲೇಜ್, ಅಂದರೆ ಗಾಜಿನಂಥ ಲೇಪ ಇಲ್ಲ. ಹಾಗಾಗಿ ನೀರು ಕುಡಿಯುತ್ತೆ, ಬಿಡುತ್ತೆ. ಎರಡು, ಹೊಳಪು ಇರೋದು ತೀರಾ ಮೇಲಿನ ಪದರದಲ್ಲಿ. ಬಣ್ಣವೂ ಕೆಲವೇ ಮಿಲಿಮೀಟರ್ ದಪ್ಪ. ಆ ಮೇಲ್ಮೈ ಒಂದು ಸಲ ಹಾಳಾದರೆ ಮತ್ತೆ ಗಾಜು ತಂದು ಒತ್ತೋಕೆ ಆಗಲ್ಲ.

ಇದೆಲ್ಲ ನನಗೆ ಗೊತ್ತಿತ್ತು. ಗೊತ್ತಿದ್ದೂ ಆಗಿದ್ದು ಆಗಿಹೋಯಿತು.

ಕೆಲಸ ಹೇಗೆ ನಡೆಯಿತು

ಫೆಬ್ರವರಿಯಲ್ಲಿ ಆರ್ಡರ್ ಕೊಟ್ಟೆವು. ಟೈಲ್ಸ್ ಬಂದಿದ್ದು ಏಪ್ರಿಲ್ ಕೊನೆಗೆ, ಹುಲ್ಲಿನಲ್ಲಿ ಸುತ್ತಿಕೊಂಡು. ಹಾಕಿದ್ದು ಮೇ ತಿಂಗಳಲ್ಲಿ. ಓಪನಿಂಗ್ ಜೂನ್ ಮೊದಲ ವಾರ, ಮುಹೂರ್ತ ಇಟ್ಟಾಗಿತ್ತು, ಕಾರ್ಡು ಹಂಚಿ ಆಗಿತ್ತು. ಮಲೆನಾಡಿನಲ್ಲಿ ಮೇ ಅಂದರೆ ಸಂಜೆ ಸಂಜೆ ಗುಡುಗಿನ ಮಳೆ. ನಾನು ಬೆಂಗಳೂರಿನಲ್ಲಿ ಕೂತು ಶೆಡ್ಯೂಲ್ ಬರೆದವಳು, "ಮಳೆಗಾಲಕ್ಕೆ ಮುಂಚೆ ನೆಲ ಮುಗೀಬೇಕು" ಅಂತ ಬರೆದಿದ್ದೆ. ಮುಗಿದ ಮೇಲೆ ಅದು ಒಣಗೋಕೆ ಎಷ್ಟು ದಿನ ಬೇಕು ಅಂತ ಬರೆದಿರಲಿಲ್ಲ.

ಕೆಳಗಿನ ಹಾಲಿನಲ್ಲಿ, ಜಗಲಿಯಲ್ಲಿ ಅದಕ್ಕೆ ಮುಂಚೆ ಇದ್ದಿದ್ದು ಕಾವಿ ನೆಲ. ಹಳೇ ಕಾಲದ ರೆಡ್ ಆಕ್ಸೈಡ್. ಅಲ್ಲಲ್ಲಿ ಕೂದಲೆಳೆ ಬಿರುಕು ಬಿಟ್ಟಿತ್ತು, ಊಟದ ಮನೆ ಬಾಗಿಲಲ್ಲಿ ಒಂದು ತೇಪೆ. ಅದರ ಮೇಲೆ ಗಾರೆ ಹಿಡಿಯಲಿ ಅಂತ ಪೂರ್ತಿ ಚಿಪ್ಪಿಂಗ್ ಮಾಡಿಸಿದೆವು, ಅಂದರೆ ಉಳಿಯಿಂದ ಗುಳಿ ಗುಳಿ ಹೊಡೆಸಿದೆವು. ಎರಡು ದಿನ ಬರೀ ಆ ಸದ್ದು. ಮೆಟ್ಟಿಲ ಕೆಳಗಿನ ಸ್ಟೋರ್ ರೂಮನ್ನು ಮಾತ್ರ ಬಿಟ್ಟೆವು, ಗೆಸ್ಟ್‌ಗಳು ಹೋಗುವ ಜಾಗ ಅಲ್ಲ ಅಂತ.

ಟೈಲ್ಸ್ ಹಾಕಿದ ಕಂಟ್ರಾಕ್ಟರ್ ಒಳ್ಳೆ ಕೆಲಸಗಾರ. ಆದರೆ ಅವರ ಕೈ ಪಳಗಿದ್ದು ವಿಟ್ರಿಫೈಡ್ ಟೈಲ್ಸ್‌ನಲ್ಲಿ, ಅಂದರೆ ಸುಟ್ಟು ಗಾಜಿನಂತೆ ಗಟ್ಟಿ ಮಾಡಿದ ಫ್ಯಾಕ್ಟರಿ ಟೈಲ್ಸ್‌ನಲ್ಲಿ. ಆತ್ತಂಗುಡಿ ಟೈಲ್ಸ್‌ಗೆ ಮಧ್ಯೆ ಸಂದು ಬಿಡಲ್ಲ, ಅಂಚಿಗೆ ಅಂಚು ಕೂರಿಸಬೇಕು, ಅದನ್ನು ಚೆನ್ನಾಗೇ ಮಾಡಿದರು. ಕೊನೆಗೆ ಮೇಲೆ ಚೆಲ್ಲಿದ ಸಿಮೆಂಟಿನ ಕಲೆ ತೆಗೆಯಬೇಕಲ್ಲ, ಅದಕ್ಕೆ ಎಲ್ಲರೂ ಮಾಡುವ ಹಾಗೆ ಆಸಿಡ್ ವಾಶ್ ಮಾಡಿದರು. ವಿಟ್ರಿಫೈಡ್‌ಗೆ ಆಸಿಡ್‌ನಿಂದ ಏನೂ ಆಗಲ್ಲ. ಇಲ್ಲಿ ಕಲೆಯೂ ಸಿಮೆಂಟು, ಟೈಲೂ ಸಿಮೆಂಟು. ಆಸಿಡ್ ಎರಡನ್ನೂ ತಿಂದಿತು. ನೆಲ ಮಂಕಾಯಿತು. ಓಪನಿಂಗ್‌ಗೆ ಐದು ದಿನ. ಗಾಬರಿ ಬಿದ್ದು, ನೆಲದ ಮೇಲೆ ಪದರ ಕಟ್ಟುವ ಹೊಳೆಯುವ ಸೀಲರ್ ತಂದು ಎರಡು ಕೋಟ್ ಹೊಡೆದರು. ನನಗೆ ವಾಟ್ಸಾಪ್‌ನಲ್ಲಿ ಫೋಟೋ ಬಂತು, ಥಳಥಳ. ನಾನು ಹೆಬ್ಬೆಟ್ಟು ಎತ್ತಿದೆ. ಅಲ್ಲಿಗೆ ನನ್ನ ಕತೆ ಮುಗಿಯಿತು ಅಂತ ಆಮೇಲೆ ಗೊತ್ತಾಯಿತು.

ಆಗಸ್ಟ್‌ನಲ್ಲಿ ಕಂಡಿದ್ದು

ಹೋಗಿ ನೋಡಿದರೆ ಹಾಲಿನ ನೆಲ ಗುರುತು ಸಿಗದ ಹಾಗಾಗಿತ್ತು. ಹಸಿರು, ಕಾವಿ ಬಣ್ಣದ ಹೂಗಳ ಮೇಲೆ ಹಾಲು ಚೆಲ್ಲಿ ಆರಿದ ಹಾಗೆ ಬಿಳಿ ಪೊರೆ. ಕಿಟಕಿ ಕಡೆ ಅಂಚಿನಲ್ಲಿ ಸೀಲರ್ ಹಾವಿನ ಪೊರೆಯಂತೆ ಸುಲಿಯುತ್ತಿತ್ತು. ಮಧ್ಯೆ ಹಾಸಿದ್ದ ಕಾರ್ಪೆಟ್ ಎತ್ತಿದರೆ ಅಡಿಯೆಲ್ಲ ಒದ್ದೆ, ಮುಗ್ಗಲು ವಾಸನೆ.

ಎಲ್ಲರ ಹತ್ತಿರವೂ ಒಂದೊಂದು ಕಾರಣ ರೆಡಿ ಇತ್ತು. ಮ್ಯಾನೇಜರ್ ಪ್ರಕಾರ ಟೈಲ್ಸ್ ಡೂಪ್ಲಿಕೇಟು. ಕಂಟ್ರಾಕ್ಟರ್ ಪ್ರಕಾರ ಸೀಲರ್ ಇನ್ನೊಂದು ಕೋಟ್ ಬಿದ್ದರೆ ಸರಿಹೋಗುತ್ತೆ. ಯಜಮಾನರು "ತಮಿಳುನಾಡಿನ ಒಣ ಸೀಮೆ ಸಾಮಾನು ನಮ್ಮ ಮಳೆಗೆ ತಡೆಯಲ್ಲ ಕಣಮ್ಮಾ" ಅಂದರು. ನಾನು ಮನಸ್ಸಿನಲ್ಲೇ ಕಂಟ್ರಾಕ್ಟರನ್ನು ಬೈದುಕೊಳ್ಳುತ್ತಿದ್ದೆ. ಇವುಗಳಲ್ಲಿ ಯಜಮಾನರ ಮಾತು ಅರ್ಧ ನಿಜ, ಉಳಿದವು ಸುಮ್ನೆ.

ಒಂದೇ ನೆಲ ಅಂತ ನೋಡಿದರೆ ಏನೂ ಗೊತ್ತಾಗುತ್ತಿರಲಿಲ್ಲ. ಅದೃಷ್ಟಕ್ಕೆ ಅದೇ ಲಾರಿಯಲ್ಲಿ ಬಂದ ಅದೇ ಟೈಲ್ಸು ಅದೇ ಮನೆಯಲ್ಲಿ ನಾಲ್ಕು ಥರದ ಪರಿಸ್ಥಿತಿಯಲ್ಲಿ ಬಿದ್ದಿದ್ದವು. ಮೇಲಿನ ರೂಮುಗಳಿಗೆ ಆಸಿಡ್ ಹಾಕಿರಲಿಲ್ಲ, ಸೀಲರೂ ಹಾಕಿರಲಿಲ್ಲ, ಟೈಮ್ ಸಾಲದೆ ಬರೀ ಬಟ್ಟೆಯಲ್ಲಿ ಒರೆಸಿ ಬಿಟ್ಟಿದ್ದರು. ಅಲ್ಲಿ ನೆಲ ಕನ್ನಡಿ. ಒಂದು ಚುಕ್ಕೆ ಇಲ್ಲ. ಮೆಟ್ಟಿಲು ಹತ್ತಿದ ತಕ್ಷಣ ಸಿಗುವ ಚೌಕದಲ್ಲಿ ಮಾತ್ರ ಮೊದಲು ಆಸಿಡ್ ಟ್ರಯಲ್ ನೋಡಿದ್ದರಂತೆ. ಅಲ್ಲಿ ನೆಲ ಮಂಕು, ಆದರೆ ಬಿಳಿ ಇಲ್ಲ. ಕೆಳಗಿನ ಆಫೀಸಿನಲ್ಲಿ ಆಗ ಬೀರು, ಮಂಚ ಪೇರಿಸಿಟ್ಟಿದ್ದರಿಂದ ಆಸಿಡೂ ಇಲ್ಲ, ಸೀಲರೂ ಇಲ್ಲ. ಅಲ್ಲಿ ನೆಲದ ಮೇಲೆ ಅಕ್ಕಿ ಹಿಟ್ಟು ಉದುರಿಸಿದ ಹಾಗೆ ಬಿಳಿ ಪುಡಿ. ಒರೆಸಿದರೆ ಹೋಗುತ್ತೆ, ಅಡಿಯಲ್ಲಿ ಹೊಳಪು ಹಾಗೇ ಇದೆ, ಮರುದಿನ ಪುಡಿ ಮತ್ತೆ ಹಾಜರ್. ಹಾಲ್, ಜಗಲಿಯಲ್ಲಿ ಎಲ್ಲವೂ ಸೇರಿ ಚಿತ್ರಾನ್ನ.

ಅಂದರೆ ಲೆಕ್ಕ ಸುಲಭವಾಯಿತು. ಮಂಕಿಗೆ ಕಾರಣ ಆಸಿಡ್. ಬಿಳಿ ಪುಡಿಗೆ ಕಾರಣ ಕೆಳಗಿನಿಂದ ಏಳುವ ತೇವ, ಯಾಕಂದರೆ ಸ್ಲ್ಯಾಬ್ ಮೇಲಿನ ರೂಮುಗಳಲ್ಲಿ ಅದು ಇಲ್ಲ. ಸುಲಿಯುವ ಪೊರೆಗೆ ಕಾರಣ ಸೀಲರ್, ಮೇಲೆ ಬರಬೇಕಾದ ತೇವವನ್ನು ಅದು ಪ್ಲಾಸ್ಟಿಕ್ಕಿನ ಹಾಗೆ ಮುಚ್ಚಿ ಹಿಡಿದಿತ್ತು. ಟೈಲ್ಸ್‌ನಲ್ಲಿ ತಪ್ಪಿಲ್ಲ.

ಆದರೂ ಖಾತ್ರಿಗೆ ಎರಡು ಪರೀಕ್ಷೆ ಮಾಡಿದೆ, ಇವಕ್ಕೆ ಲ್ಯಾಬ್ ಬೇಡ. ಪ್ಲಾಸ್ಟಿಕ್ ಶೀಟನ್ನು ಎರಡಡಿ ಚೌಕಕ್ಕೆ ಕತ್ತರಿಸಿ, ನಾಲ್ಕೂ ಕಡೆ ಟೇಪ್ ಹಚ್ಚಿ ನೆಲಕ್ಕೆ ಅಂಟಿಸಿ ರಾತ್ರಿಯಿಡೀ ಬಿಟ್ಟೆ. ಬೆಳಿಗ್ಗೆ ಹಾಲಿನಲ್ಲಿ, ಆಫೀಸಿನಲ್ಲಿ ಶೀಟಿನ ಅಡಿ ನೀರಿನ ಹನಿ ಸಾಲು ಸಾಲು. ಮೇಲಿನ ರೂಮಿನಲ್ಲಿ ಒಣ. ಎರಡನೇದು, ಹಾಲ್‌ ನೆಲದ ಬಿಳಿ ಪೊರೆಯನ್ನು ಬ್ಲೇಡಿನಲ್ಲಿ ಕೆರೆದು ಸ್ಟೀಲ್ ಚಮಚಕ್ಕೆ ಹಾಕಿ ಅಡುಗೆ ಮನೆಯಿಂದ ನಿಂಬೆಹಣ್ಣು ತರಿಸಿ ಹಿಂಡಿದೆ. ಬುಸ್ ಅಂತ ಸಣ್ಣಗೆ ನೊರೆ. ಸುಣ್ಣ. ಬೂಷ್ಟಾಗಿದ್ದರೆ ನೊರೆ ಬರುತ್ತಿರಲಿಲ್ಲ. ಸಿಮೆಂಟಿನ ಒಳಗೆ ಯಾವಾಗಲೂ ಒಂದಿಷ್ಟು ಬಿಡಿ ಸುಣ್ಣ ಇರುತ್ತೆ. ನೀರು ಅದನ್ನು ಕರಗಿಸಿಕೊಂಡು ಮೇಲೆ ಬರುತ್ತೆ. ನೀರು ಆರಿ ಹೋದರೆ ಗಾಳಿಯ ಇಂಗಾಲದ ಡೈಆಕ್ಸೈಡ್ ಸೇರಿ ಅದು ಗಟ್ಟಿ ಬಿಳಿ ಪೊರೆ ಆಗುತ್ತೆ. ಹೊಸ ಸಿಮೆಂಟಿನಲ್ಲಿ ಇದು ಮಾಮೂಲಿ, ಸ್ವಲ್ಪ ದಿನ ಬಂದು ನಿಲ್ಲುತ್ತೆ. ಅಡಿಯಿಂದ ನೀರು ಬರೋದು ನಿಂತರೆ ಮಾತ್ರ.

ಹಾಗಾದರೆ ನೀರು ಎಲ್ಲಿಂದ? ಯಜಮಾನರು ಕೇಳಿದ ಪ್ರಶ್ನೆ ನನ್ನನ್ನು ಚುಚ್ಚಿತು. "ಅಲ್ಲಮ್ಮಾ, ನಮ್ಮಪ್ಪನ ಕಾಲದಿಂದ ಕಾವಿ ನೆಲ ಇತ್ತು. ಎಷ್ಟು ಮಳೆ ಬಂದಿಲ್ಲ? ಒಂದು ದಿನ ಹೀಗಾಗಿರಲಿಲ್ಲವಲ್ಲ?"

ಉತ್ತರ ಜಗಲಿಯಲ್ಲಿ ನಿಂತು ಹೊರಗೆ ನೋಡಿದಾಗ ಸಿಕ್ಕಿತು. ಹುಲ್ಲುಹಾಸು. ಹಳೇ ಬಂಗಲೆಯ ಪಾಯ ಅಂಗಳಕ್ಕಿಂತ ಹೆಚ್ಚೂಕಡಿಮೆ ಎರಡಡಿ ಎತ್ತರದಲ್ಲಿತ್ತು, ಮೂರು ಮೆಟ್ಟಿಲು ಹತ್ತಿ ಜಗಲಿಗೆ ಬರಬೇಕಿತ್ತು. ಹೋಟೆಲ್ ಮಾಡುವಾಗ ಗೆಸ್ಟ್‌ಗಳು ಜಗಲಿಯಿಂದ ಸೀದಾ ಹುಲ್ಲಿನ ಮೇಲೆ ಕಾಲಿಡಲಿ, ಒಳಗೂ ಹೊರಗೂ ಒಂದೇ ಅನ್ನಿಸಲಿ ಅಂತ ಮಣ್ಣು ತುಂಬಿಸಿ ಹುಲ್ಲು ಬೆಳೆಸಿದ್ದೆವು. ಪಾಯದ ಕಲ್ಲಿಗೆ ಒತ್ತಿಕೊಂಡು ಒಂದೂವರೆ ಅಡಿ ಹಸಿ ಮಣ್ಣು. ಮೂರು ಮೆಟ್ಟಿಲಿನಲ್ಲಿ ಎರಡು ಮಣ್ಣಿನಡಿ. ಸೂರಿನ ನೀರಿನ ಪೈಪು ಬೇರೆ ಅಲ್ಲೇ ಬೀಳುತ್ತೆ. ಆ ಡ್ರಾಯಿಂಗ್ ಯಾರದ್ದು ಅಂತ ಕೇಳಬೇಡಿ. ನನ್ನದೇ. ಅದಕ್ಕೆ ತುಂಬಾ ಜನ ಲೈಕ್ ಬೇರೆ ಒತ್ತಿದ್ದರು.

ಚೆಟ್ಟಿನಾಡಿನ ಮನೆಗಳೂ ಎತ್ತರದ ಪಾಯದ ಮೇಲೇ ಇವೆ. ಅಲ್ಲಿ ಅಷ್ಟೊಂದು ಮೆಟ್ಟಿಲು ಯಾಕೆ, ನೋಟಕ್ಕಾ ಅಂತ ಅಂದುಕೊಂಡಿದ್ದೆ. ನಾನು ಆ ಊರಿನಿಂದ ನೆಲ ತಂದೆ, ನೆಲವನ್ನು ಎತ್ತಿ ಹಿಡಿದಿದ್ದ ಪಾಯವನ್ನು ಇಲ್ಲಿ ಹೂತು ಹಾಕಿದೆ. ಅದರ ಮೇಲೆ ಕಾವಿ ನೆಲದ ಗಟ್ಟಿ ಸಿಪ್ಪೆ ಬೇರೆ ಒಡೆಸಿದ್ದೆ. ಮಣ್ಣಿನ ತೇವಕ್ಕೆ ಅಷ್ಟಿಷ್ಟು ತಡೆ ಅಂತ ಇದ್ದಿದ್ದು ಅದೊಂದೇ.

ಅಕ್ಕ ಹೇಳಿದ್ದು

ಹೌಸ್‌ಕೀಪಿಂಗ್‌ನಲ್ಲಿ ಪಕ್ಕದ ಎಸ್ಟೇಟ್ ಕೆಲಸದವರ ಲೈನ್ ಮನೆಯಿಂದ ಬರುವ ಒಬ್ಬ ಅಕ್ಕ ಇದ್ದಾರೆ. ನಾನು ನೆಲ ಕೆರೆಯುತ್ತಾ ಕೂತಿದ್ದಾಗ ಬಕೆಟ್ ಹಿಡಿದುಕೊಂಡು ಬಂದು ನಿಂತರು. "ಮೇಡಂ, ಮೊದ್ಲು ಇದ್ದಿದ್ದ ಕಾವಿ ನೆಲ ಚೆನ್ನಾಗೇ ಇತ್ತಲ್ವಾ?" ಅಂದರು. ಬೈದಿದ್ದಲ್ಲ, ನಿಜವಾಗಿಯೂ ಕೇಳಿದ್ದು. ನನ್ನ ಹತ್ತಿರ ಉತ್ತರ ಇರಲಿಲ್ಲ. ಅವರೇ ಸ್ಟೋರ್ ರೂಮಿನ ಬಾಗಿಲು ತೆಗೆದು ತೋರಿಸಿದರು. ಅಕ್ಕಿ ಮೂಟೆ, ಟಿಶ್ಯೂ ಪೇಪರ್ ಡಬ್ಬಗಳ ಮಧ್ಯೆ ಎರಡು ಮಾರು ಅಗಲದ ಕೆಂಪು ನೆಲ, ಹುಣಸೆ ಬೀಜದ ಬಣ್ಣಕ್ಕೆ ತಿರುಗಿದೆ, ಬಲ್ಬಿನ ಬೆಳಕು ಅದರಲ್ಲಿ ಉದ್ದಕ್ಕೆ ಬಿದ್ದಿದೆ. "ನಾನು ದಿನಾ ಒಂದು ಕೈ ಆಡಿಸ್ತೀನಿ" ಅಂದರು.

ಇದು ನನ್ನನ್ನು ಇವತ್ತಿಗೂ ಕಾಡುತ್ತೆ. ಬೆಟ್ಟ ಇಳಿದು, ರಾಜ್ಯ ದಾಟಿ, ನೂರಾರು ಕಿಲೋಮೀಟರ್ ದೂರದಿಂದ ಕೈಕಸುಬಿನ ನೆಲ ತರಿಸಿದೆವು. ಕಾಲ ಕೆಳಗೇ ಇದ್ದ ಕೈಕಸುಬಿನ ನೆಲವನ್ನು ಉಳಿಯಲ್ಲಿ ಹೊಡೆಸಿದೆವು. ಕಾವಿ ನೆಲ ಹಾಕುವ ಮೇಸ್ತ್ರಿಗಳು ಈಗ ಸಿಗೋದು ಕಷ್ಟ. ಸಿಕ್ಕಿದರೂ ದಿನಗಟ್ಟಲೆ ಕರಣೆಯಲ್ಲಿ ಉಜ್ಜುವ ತಾಳ್ಮೆಗೆ ಯಾರೂ ದುಡ್ಡು ಕೊಡಲ್ಲ. ಬಿರುಕು ಬಿಟ್ಟಿದೆ ಅನ್ನೋದು ಅದನ್ನು ಮುಚ್ಚೋಕೆ ಕಾರಣವೇ ಆಗಿರಲಿಲ್ಲ.

ಅಕ್ಕನ ಜೊತೆ ಕೂತು ಇನ್ನೊಂದು ವಿಷಯ ತಿಳಿಯಿತು. ಬಾಟಲಿ. ಹಾಲ್, ಜಗಲಿಯ ನೆಲ ಒರೆಸೋಕೆ ಕೊಟ್ಟಿದ್ದ ಕ್ಲೀನರ್ ಬಾತ್‌ರೂಮಿನ ಕಲೆ ತೆಗೆಯುವಂಥದ್ದು, ಅದರಲ್ಲೂ ಆಸಿಡ್. ಅಂದರೆ ಮೇ ತಿಂಗಳ ಆಸಿಡ್ ವಾಶ್ ನಿಂತೇ ಇರಲಿಲ್ಲ, ದಿನಾ ಚೂರು ಚೂರು ನಡೀತಾನೇ ಇತ್ತು.

ಬಾಟಲಿಯ ಮಾತು ಬಂತಲ್ಲ, ಹಿಡಿಗಳ ಕತೆಯನ್ನೂ ಹೇಳಿಬಿಡುತ್ತೇನೆ. ರೂಮಿನ ಬೀರುಗಳಿಗೆಲ್ಲ ಚನ್ನಪಟ್ಟಣದ ಅರಗಿನ ಹಿಡಿ ಹಾಕಿಸಿದ್ದೆ. ಆಲೆ ಮರವನ್ನು ಲೇತಿಗೆ ಕೊಟ್ಟು, ತಿರುಗುತ್ತಿರುವಾಗಲೇ ಬಣ್ಣದ ಅರಗಿನ ಕಡ್ಡಿ ಒತ್ತುತ್ತಾರೆ, ಉಜ್ಜಿದ ಬಿಸಿಗೆ ಅರಗು ಕರಗಿ ಮರಕ್ಕೆ ಹತ್ತುತ್ತೆ, ತಾಳೆಗರಿ ಹಿಡಿದು ಹೊಳಪು ತರುತ್ತಾರೆ. ಚೆಂದ ಅಂದರೆ ಚೆಂದ. ಹೌಸ್‌ಕೀಪಿಂಗ್‌ನವರು ಪ್ರತಿ ಚೆಕ್‌ಔಟ್ ಆದ ಮೇಲೂ ಅವನ್ನು ಸ್ಯಾನಿಟೈಸರ್‌ನಲ್ಲಿ ಒರೆಸುತ್ತಿದ್ದರು. ಸ್ಯಾನಿಟೈಸರ್ ಅಂದರೆ ಆಲ್ಕೋಹಾಲು, ಅರಗು ಆಲ್ಕೋಹಾಲಿನಲ್ಲಿ ಕರಗುತ್ತೆ. ಎರಡು ತಿಂಗಳಲ್ಲಿ ಹಿಡಿಗಳು ಕೈಗೆ ಅಂಟುತ್ತಿದ್ದವು, ಬಿಳಿ ಟವೆಲ್ಲಿಗೆ ಅರಿಶಿನ ಬಣ್ಣ. ಒಣ ಬಟ್ಟೆಯಲ್ಲಿ ಒರೆಸಿ ಅಂತ ಹೇಳಿದ್ದೇ ತಡ, ನಿಂತಿತು. ಹಾಳಾದ ಒಂದಷ್ಟನ್ನು ವಾಪಸ್ ಲೇತಿಗೆ ಕೊಟ್ಟು ಮತ್ತೆ ಅರಗು ಹತ್ತಿಸಿಕೊಂಡು ಬಂದೆ. ಅರಗಿಗೆ ಆ ಅನುಕೂಲ ಇದೆ. ನೆಲಕ್ಕೆ ಇಲ್ಲ.

ರಿಪೇರಿ

ಮಳೆಗಾಲದಲ್ಲಿ ಏನೂ ಮಾಡುವ ಹಾಗಿರಲಿಲ್ಲ. ಯಜಮಾನರನ್ನು ಒಪ್ಪಿಸೋದೇ ದೊಡ್ಡ ಕೆಲಸವಾಯಿತು. ಹೋಟೆಲ್ ತೆರೆದು ಎರಡು ತಿಂಗಳು, ಹಾಲ್ ಹೀಗಿದೆ, ಇನ್ನೂ ನಾಲ್ಕು ತಿಂಗಳು ಕಾಯಿರಿ ಅಂದರೆ ಯಾರಿಗೆ ತಾನೇ ಸಿಟ್ಟು ಬರಲ್ಲ? ಕೊನೆಗೆ ಪ್ಲಾಸ್ಟಿಕ್ ಶೀಟಿನ ಅಡಿಯ ನೀರನ್ನು ಬೆರಳಲ್ಲಿ ಮುಟ್ಟಿಸಿ ತೋರಿಸಿದ ಮೇಲೆ ಒಪ್ಪಿದರು.

ಆಗಸ್ಟ್‌ನಲ್ಲೇ ಮಾಡಿದ್ದು ಮೂರು. ಕಾರ್ಪೆಟ್ ಎತ್ತಿಸಿದೆವು. ಅರ್ಧ ಸುಲಿದಿದ್ದ ಸೀಲರನ್ನು ಥಿನ್ನರ್ ಹಾಕಿ, ಅಂಚು ಮೊಂಡಾದ ಪಟ್ಟಿಯಿಂದ ಕೈಯಲ್ಲೇ ಪೂರ್ತಿ ಬಿಡಿಸಿದೆವು. ಮೂರು ಜನಕ್ಕೆ ಹನ್ನೊಂದು ದಿನ ಹಿಡಿಯಿತು, ಆ ವಾಸನೆಗೆ ಗೆಸ್ಟ್‌ಗಳನ್ನು ಮೇಲಿನ ರೂಮುಗಳಿಗೆ ಕಳಿಸಬೇಕಾಯಿತು. ಆಮೇಲೆ ಎಲ್ಲ ಬಾಟಲಿ ಬಂದ್, ದಿನಾ ಬೆಳಿಗ್ಗೆ ಒಣ ಬ್ರಷ್ಷಲ್ಲಿ ಪುಡಿ ಗುಡಿಸಿ, ಬರೀ ನೀರಲ್ಲಿ ಹಿಂಡಿದ ಬಟ್ಟೆ. ನೆಲ ನೋಡೋಕೆ ಕೆಟ್ಟದಾಗೇ ಇತ್ತು. ಆದರೆ ಉಸಿರಾಡುತ್ತಿತ್ತು.

ಮಳೆ ನಿಂತ ಮೇಲೆ ಮೊದಲು ಹೊರಗಿನ ಕೆಲಸ. ಪಾಯದ ಉದ್ದಕ್ಕೂ ಹುಲ್ಲುಹಾಸನ್ನು ಮೂರಡಿ ಅಗಲಕ್ಕೆ ಅಗೆದು ಮಣ್ಣನ್ನು ಹಳೇ ಮಟ್ಟಕ್ಕೆ ಇಳಿಸಿದೆವು. ಚರಂಡಿ ತೋಡಿ ತೂತು ಪೈಪು ಹಾಕಿ ಮೇಲೆ ಜಲ್ಲಿ ತುಂಬಿದೆವು. ಸೂರಿನ ನೀರನ್ನು ಪೈಪಿನಲ್ಲಿ ದೂರಕ್ಕೆ ಒಯ್ದೆವು. ಹೂತುಹೋಗಿದ್ದ ಎರಡು ಮೆಟ್ಟಿಲು ಮತ್ತೆ ಮೇಲೆ ಬಂದವು. ನಿಜ ಹೇಳಬೇಕೆಂದರೆ ಜಗಲಿ ಈಗ ಮೊದಲಿಗಿಂತ ಚೆನ್ನಾಗಿ ಕಾಣುತ್ತೆ. ಜನ ಆ ಮೆಟ್ಟಿಲ ಮೇಲೆ ಕಾಫಿ ಲೋಟ ಹಿಡಿದು ಕೂರುತ್ತಾರೆ. ಹುಲ್ಲಿನ ಮೇಲೆ ಕೂರುವವರು ಯಾರೂ ಇರಲಿಲ್ಲ, ಜಿಗಣೆ ಭಯಕ್ಕೆ.

ಜನವರಿಯಲ್ಲಿ ಹಾಲಿಗೆ ಕೈ ಹಾಕಿದೆವು. ಪೂರ್ತಿ ಕೀಳಲಿಲ್ಲ. ಮಧ್ಯದ ಭಾಗ ತೀರಾ ಹಾಳಾಗಿತ್ತು, ಸುತ್ತಲ ಅಂಚಿನ ಸಾಲುಗಳು ಪರವಾಗಿಲ್ಲ ಅನ್ನುವ ಹಾಗಿದ್ದವು. ಮಧ್ಯದ್ದನ್ನು ಕಿತ್ತು, ಅಡಿಯ ಮಣ್ಣು ತೆಗೆದು, ಆರಿಂಚು ದಪ್ಪ ಜಲ್ಲಿ ಹಾಕಿದೆವು. ಮಣ್ಣಿನ ತೇವ ಸಣ್ಣ ಸಣ್ಣ ಸಂದಿನಲ್ಲಿ ಏರುತ್ತೆ, ಜಲ್ಲಿಯ ದೊಡ್ಡ ಸಂದಿನಲ್ಲಿ ಏರೋಕೆ ಅದಕ್ಕೆ ಆಗಲ್ಲ. ಅದರ ಮೇಲೆ ದಪ್ಪ ಪ್ಲಾಸ್ಟಿಕ್ ಹಾಳೆ, ಅಂಚುಗಳನ್ನು ಒಂದರ ಮೇಲೊಂದು ಹತ್ತಿಸಿ. ಅದರ ಮೇಲೆ ನಾಲ್ಕಿಂಚು ಕಾಂಕ್ರೀಟು. ಆಮೇಲೆ ಎರಡು ತಿಂಗಳು ಸುಮ್ಮನೆ ಬಿಟ್ಟೆವು. ಮ್ಯಾನೇಜರ್ ವಾರಕ್ಕೊಮ್ಮೆ ಫೋನ್ ಮಾಡಿ "ಮೇಡಂ, ಒಣಗಿದೆ" ಅನ್ನೋರು. ನಾನು "ಶೀಟ್ ಅಂಟಿಸಿ ನೋಡಿ" ಅನ್ನೋದು. ಮಾರ್ಚ್ ಮೂರನೇ ವಾರ ಶೀಟಿನ ಅಡಿ ಒಣ.

ಹೊಸ ಟೈಲ್ಸ್ ಬಂದಾಗ ಇನ್ನೊಂದು ಪಾಠ. ಹಳೇ ಹಸಿರಿಗೂ ಹೊಸ ಹಸಿರಿಗೂ ಮ್ಯಾಚ್ ಇಲ್ಲ. ಡಬ್ಬದಲ್ಲಿ ಕೈಯಳತೆಯಲ್ಲಿ ಕಲಸುವ ಬಣ್ಣ, ಒಂದು ವರ್ಷ ಬಿಟ್ಟು ಅದೇ ಹಸಿರು ಕೇಳೋದೇ ತಪ್ಪು. ಮೊದಲೇ ನೂರಕ್ಕೆ ಹತ್ತರಷ್ಟು ಜಾಸ್ತಿ ತರಿಸಿ ಇಟ್ಟಿದ್ದರೂ ಇಷ್ಟು ದೊಡ್ಡ ಜಾಗಕ್ಕೆ ಸಾಲುತ್ತಿರಲಿಲ್ಲ. ನಾನು ಮ್ಯಾಚ್ ಮಾಡೋ ಆಸೆ ಬಿಟ್ಟೆ. ಮಧ್ಯಕ್ಕೆ ಬೇರೆಯದೇ ನಮೂನೆ ಆರಿಸಿದೆ, ಬೂದು ಮತ್ತು ಅರಿಶಿನ, ಸುತ್ತ ಹಳೇ ಹಸಿರು ಅಂಚು. ಚೆಟ್ಟಿನಾಡಿನ ಹಾಲುಗಳಲ್ಲೂ ಹೀಗೇ ಇರುತ್ತೆ, ನೆಲದ ಮೇಲೆ ಜಮಖಾನೆ ಹಾಸಿದ ಹಾಗೆ ಅಂಚು ಬೇರೆ, ಒಡಲು ಬೇರೆ. ನೋಡಿದವರಿಗೆ ರಿಪೇರಿ ಅಂತ ಅನ್ನಿಸಲ್ಲ.

ಈ ಸಲ ಹಾಕುವಾಗ ನಾನು ಅಲ್ಲೇ ಇದ್ದೆ, ಆರು ದಿನ. ಗಾರೆ ಮೇಲೆ ಚೆಲ್ಲಿದ ಕೂಡಲೇ ಒದ್ದೆ ಸ್ಪಂಜಿನಲ್ಲಿ ಒರೆಸಬೇಕು, ಒಣಗೋಕೆ ಬಿಡಲೇಬಾರದು. ಒಣಗಲು ಬಿಟ್ಟರೆ ತಾನೇ ಆಸಿಡ್ ನೆನಪಾಗೋದು. ಅದೇ ಕಂಟ್ರಾಕ್ಟರನ್ನೇ ಕರೆಸಿದ್ದೆ. ಬೇರೆಯವರನ್ನು ಕರೆಸಿ ಅಂತ ಮ್ಯಾನೇಜರ್ ಹೇಳಿದ್ದರು. ತಪ್ಪು ಮಾಡಿ ಕಲಿತವರಷ್ಟು ಹುಷಾರಾಗಿ ಆ ಕೆಲಸ ಮಾಡುವವರು ಸಿಗಲ್ಲ ಅಂತ ನನ್ನ ಲೆಕ್ಕ. ಹಾಕಿ ಆದಮೇಲೆ ಭತ್ತದ ಹೊಟ್ಟು ಹರಡಿ ಗೋಣಿ ತಾಟಿನಲ್ಲಿ ಉಜ್ಜಿದರು. ಹೊಸ ಆತ್ತಂಗುಡಿ ನೆಲಕ್ಕೆ ಚೆಟ್ಟಿನಾಡಿನಲ್ಲಿ ಮಾಡೋದು ಅದೇ. ಕೊನೆಗೆ ಕೊಬ್ಬರಿ ಎಣ್ಣೆ, ತೀರಾ ತೆಳ್ಳಗೆ, ಬಟ್ಟೆಗೆ ಹಚ್ಚಿ ಒರೆಸುವಷ್ಟು. ಎಣ್ಣೆ ಜಾಸ್ತಿ ಆದರೆ ಧೂಳು ಹಿಡಿಯುತ್ತೆ, ಗೆಸ್ಟ್ ಜಾರಿ ಬೀಳುತ್ತಾರೆ. ಎಷ್ಟು ಅಂತ 'ಹದ' ಹೇಳಿದ್ದು ಅಕ್ಕನೇ.

ಜಗಲಿಯ ಟೈಲ್ಸ್ ಕೀಳಲಿಲ್ಲ, ದುಡ್ಡು ಮುಗಿದಿತ್ತು. ಚರಂಡಿ ಆದಮೇಲೆ ಅಲ್ಲಿ ತೇವ ಏಳೋದು ನಿಂತಿತು. ಆಸಿಡ್ ತಿಂದ ಮಂಕು ಮಾತ್ರ ಉಳಿಯಿತು. ಒಂದು ಮೂಲೆಯಲ್ಲಿ ಸಣ್ಣ ಪಾಲಿಶ್ ಪ್ಯಾಡ್‌ನಿಂದ ಉಜ್ಜಿ ನೋಡಿದೆವು. ಸ್ವಲ್ಪ ಹೊಳಪು ಬಂತು, ಜೊತೆಗೆ ಬಣ್ಣದ ಪದರ ತೆಳ್ಳಗಾಗೋದೂ ಕಂಡಿತು. ಅಲ್ಲಿಗೇ ನಿಲ್ಲಿಸಿದೆ.

ಖರ್ಚು ಹಂಚಿಕೊಂಡಿದ್ದು ಹೀಗೆ: ಚರಂಡಿ, ಕಾಂಕ್ರೀಟು ಯಜಮಾನರದ್ದು, ಹಾಕುವ ಕೂಲಿ ಕಂಟ್ರಾಕ್ಟರು ಬಿಟ್ಟರು, ಟೈಲ್ಸ್ ನನ್ನದು. ನನ್ನ ಫೀಸಿನ ಕೊನೇ ಕಂತನ್ನೂ ಕೇಳಲಿಲ್ಲ. ನ್ಯಾಯವಾ ಅಂತ ಕೇಳಿದರೆ, ಹುಲ್ಲುಹಾಸಿನ ಡ್ರಾಯಿಂಗ್ ನೆನಪಾಗುತ್ತೆ, ಬಾಯಿ ಮುಚ್ಚಿಕೊಳ್ಳುತ್ತೇನೆ.

ಈಗ ನನ್ನ ಪ್ರತಿ ಹೋಟೆಲ್ ಕೆಲಸದಲ್ಲೂ ಡ್ರಾಯಿಂಗ್ ಜೊತೆಗೆ ಒಂದು ಕನ್ನಡದ ಹಾಳೆ ಹೋಗುತ್ತೆ, ಹೌಸ್‌ಕೀಪಿಂಗ್ ರೂಮಿನ ಗೋಡೆಗೆ ಅಂಟಿಸೋಕೆ. ಯಾವ ವಸ್ತುವಿಗೆ ಯಾವ ಬಟ್ಟೆ, ಯಾವ ಬಾಟಲಿ ಹತ್ತಿರ ತರಬಾರದು ಅಂತ. ಬಜೆಟ್ಟಿನಲ್ಲಿ ನೆಲ ಒರೆಸುವವರ ಮೊದಲ ವರ್ಷದ ಸಂಬಳವನ್ನೂ ನೆಲದ ಖರ್ಚಿನ ಸಾಲಿನಲ್ಲೇ ತೋರಿಸುತ್ತೇನೆ. ಕೆಲವು ಕ್ಲೈಂಟ್‌ಗಳು ನಗುತ್ತಾರೆ. ಒಬ್ಬರು ಅದನ್ನು ನೋಡಿ ವಿಟ್ರಿಫೈಡ್ ಹಾಕಿಸಿಕೊಂಡರು. ಅವರಿಗೆ ಅದೇ ಸರಿ. ಹಳೇ ಮನೆಯಾದರೆ ಇರುವ ನೆಲವನ್ನು ಮೊದಲು ಒಂದು ವಾರ ಬರೀ ಒರೆಸಿ ನೋಡೋಣ ಅನ್ನುತ್ತೇನೆ, ಉಳಿ ತರಿಸೋದು ಆಮೇಲೆ.

ಹೋದ ಸೆಪ್ಟೆಂಬರಿನಲ್ಲಿ ಮತ್ತೆ ಹೋಗಿದ್ದೆ. ಹೊರಗೆ ಮೂರು ದಿನದಿಂದ ಬಿಡದ ಮಳೆ. ಹಾಲಿನಲ್ಲಿ ಶೀಟ್ ಅಂಟಿಸಿ ಮಲಗಿದೆ, ಬೆಳಿಗ್ಗೆ ಒಣ. ಕೈಯಲ್ಲಿ ಕಾಫಿ ಹಿಡಿದು ಜಗಲಿಗೆ ಬಂದೆ. ಅಕ್ಕ ಆ ಮಂಕು ಟೈಲ್ಸಿನ ಮೇಲೆ ಕುಕ್ಕರುಗಾಲಲ್ಲಿ ಕೂತು ಬಟ್ಟೆ ಆಡಿಸುತ್ತಿದ್ದರು. "ಇಲ್ಲಿ ಬನ್ನಿ ಮೇಡಂ, ಕೂತ್ಕೊಂಡು ನೋಡಿ, ನಿಂತ್ರೆ ಕಾಣಲ್ಲ" ಅಂದರು. ಪಕ್ಕದಲ್ಲಿ ಕೂತೆ. ಕಿಟಕಿಯ ಸರಳು ಎಣಿಸುವ ಹಾಗೇನೂ ಇರಲಿಲ್ಲ. ಕಿಟಕಿ ಯಾವ ಕಡೆ ಇದೆ ಅಂತ ನೆಲ ನೋಡಿ ಹೇಳಬಹುದಿತ್ತು, ಅಷ್ಟು.